ದೋಣಿಯ ಡೆಕ್ಕಿಗೆ ಕಾರ್ಕ್ ಹಾಸು: ಆಯ್ಕೆ ಮತ್ತು ಜೋಡಣೆ

ದೋಣಿಯ ಡೆಕ್ಕಿಗೆ ಹಾಸುವ ಕಾರ್ಕ್ ಎಂದರೆ ಮರದಿಂದ ಸುಲಿದ ತೊಗಟೆ ಹಾಗೆಯೇ ಹಾಳೆಯಾದದ್ದಲ್ಲ. ತೊಗಟೆಯನ್ನು ಪುಡಿಗಾಳಿನಷ್ಟು ಸಣ್ಣಗೆ ಒಡೆದು, ಪಾಲಿಯುರೆಥೇನ್ ಅಂಟಿನಲ್ಲಿ ಕಲಸಿ, ಅಚ್ಚಿನಲ್ಲಿ ಒತ್ತಿ, ಆ ಗಟ್ಟಿಯನ್ನು ಹಾಳೆಗಳಾಗಿ ಸೀಳಿದ ವಸ್ತು ಅದು. ಆರು, ಎಂಟು, ಹತ್ತು ಮಿಲಿಮೀಟರ್ ದಪ್ಪದವು ಹೆಚ್ಚು ಬಳಕೆಯಲ್ಲಿವೆ. ಹಲಗೆಯಂತೆ ಪಟ್ಟಿಪಟ್ಟಿಯಾಗಿ ಕೊಯ್ದು ನಡುವೆ ಕಪ್ಪು ಗೆರೆ ತುಂಬಿದರೆ ಹತ್ತು ಹೆಜ್ಜೆ ದೂರದಿಂದ ಸಾಗವಾನಿಯಂತೆಯೇ ಕಾಣುತ್ತದೆ. ಹತ್ತಿರ ಬಂದು ನೋಡಿದರೆ ಮರದ ಎಳೆ ಇಲ್ಲ, ಹುರಿದ ರವೆ ಚೆಲ್ಲಿದಂತೆ ಕಾಳುಕಾಳು.

ಕನ್ನಡಕ್ಕೆ ಈ ವಸ್ತು ಹೊಸದಲ್ಲ. ಬಾಟಲಿಯ ಬಾಯಿಗೆ ತುರುಕಿದಾಗ ಅದು ಬೂಚು ಅಥವಾ ಬಿರಡೆ. ನೀರಿನಲ್ಲಿ ತೇಲುವ ಹಗುರ ವಸ್ತುವಿಗೆಲ್ಲ ಬೆಂಡು ಎಂಬ ಒಂದೇ ಮಾತು ಸಾಕು. ಬಯಲುಸೀಮೆಯ ಹುಡುಗರು ಈಜು ಕಲಿಯಲು ಬಾವಿಗಿಳಿಯುವಾಗ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದದ್ದೂ ಬೆಂಡೇ, ಬೆಸ್ತರ ಬಲೆಯ ಅಂಚಿಗೆ ಕೋಯುತ್ತಿದ್ದದ್ದೂ ಬೆಂಡೇ. ಬೆಂಗಳೂರಿನ ರಸ್ತೆಬದಿಯ ಆಕಾಶಮಲ್ಲಿಗೆ ಮರಕ್ಕೆ ಇಂಗ್ಲಿಷಿನವರು ಭಾರತದ ಕಾರ್ಕ್ ಮರ ಎಂದು ಹೆಸರಿಟ್ಟರು. ಅದರ ತೊಗಟೆ ಕೀಳುದರ್ಜೆಯ ಬಿರಡೆಗಷ್ಟೇ ಬರುತ್ತದೆ. ಡೆಕ್ಕಿಗೆ ಬೇಕಾದ ಕಾರ್ಕ್ ಬರುವುದು ಪೋರ್ಚುಗಲ್, ಸ್ಪೇನ್, ಮೊರಾಕ್ಕೊ ಕಡೆಯ ಕಾರ್ಕ್ ಓಕ್ ಮರದಿಂದ. ಆ ಮರದ ತೊಗಟೆಯನ್ನು ಮೊದಲ ಸಲ ಸುಲಿಯಲು ಸುಮಾರು 25 ವರ್ಷ ಕಾಯಬೇಕು, ಆಮೇಲೆ ಸಾಮಾನ್ಯವಾಗಿ ಒಂಬತ್ತು ವರ್ಷಕ್ಕೊಮ್ಮೆ. ಮೊದಲೆರಡು ಸುಲಿತದ್ದು ಬಿರಡೆಗೆ ಒದಗುವುದಿಲ್ಲ. ಅದೂ, ಬಿರಡೆ ಕೊರೆದು ಉಳಿದ ಚೂರುಗಳೂ ಪುಡಿಯಾಗಿ ಹಾಳೆಯಾಗುತ್ತವೆ. ಹೀಗಾಗಿ ಡೆಕ್ಕಿಗಾಗಿಯೇ ಯಾರೂ ಮರ ಕಡಿಯಬೇಕಿಲ್ಲ.

ರಾಬರ್ಟ್ ಹುಕ್ 1665ರಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ ‘ಕೋಶ’ ಎಂಬ ಅರ್ಥದ ಹೆಸರು ಕೊಟ್ಟದ್ದು ಕಾರ್ಕಿನ ತೆಳುಪದರದಲ್ಲಿ ಕಂಡ ಗೂಡುಗಳಿಗೇ. ಒಂದು ಘನ ಸೆಂಟಿಮೀಟರಿನಲ್ಲಿ ಅಂಥ ಗೂಡುಗಳು ಸುಮಾರು ನಾಲ್ಕು ಕೋಟಿ. ಪ್ರತಿಯೊಂದೂ ಮುಚ್ಚಿದ ಗೂಡು, ಒಳಗೆ ಗಾಳಿ, ಗೋಡೆಗೆ ಸುಬೆರಿನ್ ಎಂಬ ಮೇಣದಂಥ ಪದಾರ್ಥ. ನೀರು ಒಳಗಿಳಿಯದಿರುವುದು, ಒತ್ತಿದರೆ ತಗ್ಗಿ ಬಿಟ್ಟರೆ ಮೇಲೇಳುವುದು, ಶಾಖ ದಾಟದಿರುವುದು ಎಲ್ಲಕ್ಕೂ ಕಾರಣ ಈ ಗೂಡುಗಳೇ. ಕರ್ನಾಟಕದ ಬಿಸಿಲಿನಲ್ಲಿ ಕೊನೆಯ ಗುಣಕ್ಕೆ ಬೆಲೆ ಹೆಚ್ಚು. ಮಧ್ಯಾಹ್ನ ದೇವಸ್ಥಾನದ ಪ್ರಾಂಗಣದಲ್ಲಿ ಕಲ್ಲುಹಾಸಿನ ಮೇಲೆ ಕಾಲಿಟ್ಟವರು ಓಡುತ್ತಾರೆ, ಪಕ್ಕದ ನಾರಿನ ಚಾಪೆಯ ಮೇಲೆ ನಿಲ್ಲುತ್ತಾರೆ. ಎರಡರ ಮೇಲೂ ಬಿದ್ದದ್ದು ಒಂದೇ ಬಿಸಿಲು. ಕಲ್ಲು ತನ್ನೊಳಗಿನ ಶಾಖವನ್ನು ಅಂಗಾಲಿಗೆ ಸುರಿಯುತ್ತಲೇ ಇರುತ್ತದೆ, ಚಾಪೆಯಲ್ಲಿ ಸುರಿಯುವಷ್ಟು ಇಲ್ಲ. ಕಾರ್ಕ್ ಚಾಪೆಯ ಜಾತಿಯದು. ಆದರೆ ಪಟ್ಟಿಗಳ ನಡುವಿನ ಕಪ್ಪು ಗೆರೆ ಕಲ್ಲಿನ ಜಾತಿಯದೇ. ಗೆರೆಯನ್ನು ನಾಲ್ಕೈದು ಮಿಲಿಮೀಟರಿಗಿಂತ ಅಗಲ ಮಾಡಿದರೆ ಕಾಲು ಮೊದಲು ಸುಡುವುದು ಅಲ್ಲೇ. ಬೂದುಬಣ್ಣದ ಗೆರೆಯೂ ಸಿಗುತ್ತದೆ, ಬಿಸಿಲ ನಾಡಿಗೆ ಅದೇ ಮೇಲು.

ಮುಖ್ಯ ಪ್ರಶ್ನೆ, ಯಾವ ದೋಣಿಗೆ ಕಾರ್ಕ್ ಒಪ್ಪುತ್ತದೆ ಎಂಬುದು. ಮಲ್ಪೆ, ಮಂಗಳೂರು, ಕಾರವಾರದ ಮೀನುಗಾರಿಕಾ ದೋಣಿಗಳಿಗೆ ಇದು ಒಪ್ಪುವುದಿಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಬ್ಬಿಣದ ಸರಂಜಾಮು ಎಳೆದಾಡುವ, ಐಸ್ ಒಡೆಯುವ, ಮೀನಿನ ರಾಶಿ ಸುರಿದು ಸಲಿಕೆಯಲ್ಲಿ ಬಾಚುವ ಡೆಕ್ಕಿನ ಮೇಲೆ ಕಾರ್ಕ್ ಒಂದು ಋತು ಬಾಳಿದರೆ ಹೆಚ್ಚು. ಹಳೆಯ ಮರದ ದೋಣಿಗಳಲ್ಲಿ ಗೇರುಬೀಜದ ಸಿಪ್ಪೆಯೆಣ್ಣೆ ಬಳಿದ ಹಲಗೆಗಳು ಆ ಒರಟುತನ ತಡೆಯುತ್ತಿದ್ದವು. ಈಗ ಫೈಬರ್ ದೋಣಿಗಳಲ್ಲಿ ಮರಳು ಬೆರೆಸಿದ ಲೇಪ ಅದೇ ಕೆಲಸ ಮಾಡುತ್ತದೆ. ಶರಾವತಿ ಹಿನ್ನೀರಿನಲ್ಲಿ ಸಿಗಂದೂರು ಕಡೆಗೆ ಬಸ್ಸು, ಜೀಪುಗಳನ್ನು ದಾಟಿಸುತ್ತಿದ್ದಂಥ ಲಾಂಚಿಗೆ ಉಕ್ಕಿನ ತಗಡೇ ಸರಿ. ಇನ್ನು ಹಂಪಿಯ, ತಲಕಾಡಿನ ಹರಿಗೋಲಿಗೆ ಡೆಕ್ಕೇ ಇಲ್ಲ.

ಕಾರ್ಕ್ ಸಲ್ಲುವುದು ಜನ ಬರಿಗಾಲಲ್ಲೋ ಒದ್ದೆ ಚಪ್ಪಲಿಯಲ್ಲೋ ಓಡಾಡುವ ದೋಣಿಗೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿಗರನ್ನು ಒಯ್ಯುವಂಥವು, ಮುರುಡೇಶ್ವರದಿಂದ ನೇತ್ರಾಣಿಗೆ ಮುಳುಗುಗಾರರನ್ನು ಒಯ್ಯುವಂಥವು, ಕಬಿನಿ ಹಿನ್ನೀರಿನ ಸಫಾರಿ ದೋಣಿಯಂಥವು, ಕೆರೆ ಜಲಾಶಯಗಳ ಹಾಯಿದೋಣಿಗಳು ಈ ಗುಂಪಿನವು. ಮುಳುಗುಗಾರರ ದೋಣಿಯಲ್ಲಿ ನೀರೊಸರುವ ಮೈಯವರು ಗಾಳಿ ಸಿಲಿಂಡರ್ ಹೊತ್ತು ಎದ್ದು ಕೂರುತ್ತಾರೆ; ಅಲ್ಲಿ ಜಾರದಿರುವುದು ಅಲಂಕಾರದ ಮಾತಲ್ಲ. ಒದ್ದೆಯಾದ ಫೈಬರ್ ಜಾರುತ್ತದೆ, ಒದ್ದೆಯಾದ ಕಾರ್ಕ್ ಕಾಲು ಹಿಡಿಯುತ್ತದೆ. ಸಿಲಿಂಡರ್ ನಿಲ್ಲಿಸುವ ಜಾಗಕ್ಕೆ ಮಾತ್ರ ರಬ್ಬರ್ ಚಾಪೆ ಹಾಕಬೇಕು, ಉಕ್ಕಿನ ಬುಡ ಒಂದೇ ಜಾಗವನ್ನು ಮತ್ತೆಮತ್ತೆ ಕುಟ್ಟಿದರೆ ಕಾರ್ಕ್ ಪುಡಿಯಾಗುತ್ತದೆ. ಸಫಾರಿ ದೋಣಿಗೆ ಇನ್ನೊಂದು ಲಾಭವಿದೆ. ಬೂಟುಗಾಲಿನ ಸದ್ದನ್ನೂ ಇಂಜಿನ್ನಿನ ಗುಡುಗುಡುವನ್ನೂ ಕಾರ್ಕ್ ಒಂದಿಷ್ಟು ನುಂಗುತ್ತದೆ, ದಡದ ಜಿಂಕೆ ಬೆಚ್ಚುವುದು ಅಷ್ಟರ ಮಟ್ಟಿಗೆ ತಪ್ಪುತ್ತದೆ.

ಪ್ರತಿಸ್ಪರ್ಧಿಗಳು ಇಬ್ಬರು. ಸಾಗವಾನಿಯ ಅಂದ, ಬಾಳಿಕೆ ಎರಡೂ ದೊಡ್ಡವು. ಆದರೆ ಘನ ಮೀಟರಿಗೆ ಸುಮಾರು 650 ಕಿಲೋ ತೂಗುವ ಮರವನ್ನು ಹತ್ತು ಮಿಲಿಮೀಟರ್ ದಪ್ಪಕ್ಕೆ ಹದಿನೈದು ಚದರ ಮೀಟರ್ ಹಾಸಿದರೆ ತೊಂಬತ್ತೇಳು ಕಿಲೋ ಆಯಿತು, ಒಂದೂವರೆ ಪ್ರಯಾಣಿಕರ ಭಾರ. ಆ ಭಾರ ಕೂರುವುದು ದೋಣಿಯ ತಳದಲ್ಲಲ್ಲ, ಮೇಲೆ. ಇಂಥ ಡೆಕ್ಕಿಗೆ ಜಗತ್ತು ಬಯಸುತ್ತಿದ್ದದ್ದು ಬರ್ಮಾ ಸಾಗವಾನಿ. 2021ರ ಸೇನಾ ದಂಗೆಯ ನಂತರ ಅಮೆರಿಕ, ಯುರೋಪುಗಳು ಮ್ಯಾನ್ಮಾರಿನ ಸರಕಾರಿ ಮರದ ವ್ಯಾಪಾರದ ಮೇಲೆ ನಿರ್ಬಂಧ ಹಾಕಿದವು, ವಿಹಾರನೌಕೆ ಕಟ್ಟುವವರು ಬದಲಿ ವಸ್ತು ಹುಡುಕಲು ಅದೂ ಒಂದು ಕಾರಣ. ಎರಡನೆಯದು ಹಿಂಬದಿಯ ಕಾಗದ ಕಿತ್ತು ಅಂಟಿಸುವ ಇವಿಎ ಫೋಮ್. ಅಗ್ಗ, ಅರ್ಧ ದಿನದ ಕೆಲಸ, ಮೆತ್ತಗೆ. ನಮ್ಮ ಬಿಸಿಲಿಗೆ ಅಂಚು ಸುರುಳಿ ಸುತ್ತುತ್ತದೆ, ಬಣ್ಣ ಹಾರುತ್ತದೆ, ಕೆಲವೇ ವರ್ಷದಲ್ಲಿ ಕಿತ್ತೆಸೆಯಬೇಕು. ಬಾಡಿಗೆಗೆ ಓಡುವ ಸಣ್ಣ ದೋಣಿಗೆ ಲೆಕ್ಕ ಹಾಕಿದರೆ ಫೋಮೇ ಗೆಲ್ಲಬಹುದು. ಹತ್ತು ವರ್ಷ ಇಟ್ಟುಕೊಳ್ಳುವ ದೋಣಿಗೆ ಕಾರ್ಕ್.

ಕೊಳ್ಳುವಾಗ ಮೋಸಹೋಗುವ ಜಾಗ ಒಂದಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ‘ಕಾರ್ಕ್ ಶೀಟ್’ ಎಂದು ಕೇಳಿದರೆ ಸಿಗುವುದು ಇಂಜಿನ್ನಿಗೆ ಗ್ಯಾಸ್ಕೆಟ್ ಕತ್ತರಿಸುವ ಹಾಳೆ. ಟ್ರಾನ್ಸ್‌ಫಾರ್ಮರಿಗೆ ಹಾಕುವ ರಬ್ಬರ್ ಬೆರೆತ ಕಾರ್ಕ್ ಇನ್ನೊಂದು. ಸೂಚನಾಫಲಕದ ಕಾರ್ಕ್, ಮನೆಯ ನೆಲಕ್ಕೆ ಹಾಕುವ ಕಾರ್ಕ್ ಮತ್ತೂ ಬೇರೆ. ಹೊಸಕೋಟೆಯ ಪಿಲ್ಲಗುಂಪೆಯಂಥ ಕೈಗಾರಿಕಾ ಪ್ರದೇಶದ ಯಾವ ವರ್ಕ್‌ಶಾಪಿನವರಿಗೂ ಮೊದಲೆರಡರ ಪರಿಚಯ ಇರುತ್ತದೆ, ಡೆಕ್ ಕಾರ್ಕ್ ಮಾತ್ರ ಹೊರಗಿನಿಂದ ತರಿಸಬೇಕಾದ ಮಾಲು. ಚೆನ್ನೈ ಬಂದರಿನ ದಾರಿ ಹೊಸಕೋಟೆಯ ಮೇಲೇ ಹಾಯುತ್ತದೆ, ವೈಟ್‌ಫೀಲ್ಡಿನ ಕಂಟೇನರ್ ಡಿಪೋ ಪಕ್ಕದಲ್ಲೇ ಇದೆ. ಹಾಗಾಗಿ ಸಮುದ್ರದಿಂದ ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಬಯಲುಸೀಮೆಯಲ್ಲಿ ಡೆಕ್ ಕತ್ತರಿಸುವುದು ಕೇಳಿದಷ್ಟು ವಿಚಿತ್ರವಲ್ಲ. ಅದಕ್ಕೆ ಬೇಕಾದ ಸಿಎನ್‌ಸಿ ರೂಟರ್ ಎಂದರೆ ಫರ್ನಿಚರ್ ಮಾಡುವವರ ಬಳಿ ಇರುವ ಯಂತ್ರವೇ.

ಮಾದರಿ ತುಂಡು ತರಿಸಿ ಪರೀಕ್ಷಿಸದೆ ಮುಂಗಡ ಕೊಡಬಾರದು. ಮೆರೈನ್ ಪ್ಲೈವುಡ್ಡಿಗೆ ಐಎಸ್ 710 ಎಂಬ ಭಾರತೀಯ ಮಾನಕ ಇದೆ, ಅದರ ಅಂಟಿನ ಹಿಡಿತವನ್ನು 72 ಗಂಟೆ ಕುದಿಸಿ ನೋಡುತ್ತಾರೆ. ಕಾರ್ಕಿಗೆ ಅಷ್ಟು ಬೇಡ. ಅಂಗೈಯಗಲದ ತುಂಡನ್ನು ಒಂದು ಗಂಟೆ ಕುದಿಸಿ, ನೆರಳಲ್ಲಿ ಒಣಗಿಸಿ, ಅಂಚನ್ನು ಹೆಬ್ಬೆರಳಿನಿಂದ ತೀಡಬೇಕು. ಕಾಳು ಉದುರಿದರೆ ಅಂಟು ಹೊರಾಂಗಣದ್ದಲ್ಲ. ಇನ್ನೊಂದು ತುಂಡನ್ನು ವಾರ ಕಾಲ ಉಪ್ಪುನೀರಿನಲ್ಲಿ ನೆನೆಹಾಕಿ, ನೆನೆಯುವ ಮೊದಲೂ ಆಮೇಲೂ ವರ್ನಿಯರಿನಲ್ಲಿ ದಪ್ಪ ಅಳೆಯಬೇಕು. ಮೂರನೆಯದನ್ನು ತಾರಸಿಯ ಮೇಲೆ ಬಿಸಿಲಿಗೆ ಬಿಟ್ಟರೆ ಎರಡು ತಿಂಗಳಲ್ಲಿ ಕಂದು ಹೋಗಿ ಬೂದು ಬರುತ್ತದೆ. ಅದು ದೋಷವಲ್ಲ, ಸಾಗವಾನಿಯೂ ಹಾಗೇ ಬೂದಾಗುತ್ತದೆ. ಆ ಬಣ್ಣ ಇಷ್ಟವಿಲ್ಲದವರು ಆಗಲೇ ಹಿಂದೆ ಸರಿಯುವುದು ವಾಸಿ.

ಜೋಡಣೆ ಶುರುವಾಗುವುದು ಡೆಕ್ಕನ್ನು ತಟ್ಟಿ ನೋಡುವುದರಿಂದ. ಫೈಬರ್ ಡೆಕ್ಕಿನ ಎರಡು ಪದರಗಳ ನಡುವೆ ಪ್ಲೈವುಡ್ಡೋ ಬಾಲ್ಸಾ ಮರವೋ ಇರುತ್ತದೆ, ಹಳೆಯ ಸ್ಕ್ರೂ ತೂತಿನಿಂದ ನೀರಿಳಿದು ಅದು ಕೊಳೆತಿರಬಹುದು. ಸಂತೆಯಲ್ಲಿ ಮಡಕೆ ಕೊಳ್ಳುವವರು ಗೆಣ್ಣಿನಿಂದ ತಟ್ಟುವಂತೆ, ಪ್ಲಾಸ್ಟಿಕ್ ಸುತ್ತಿಗೆಯಿಂದ ಗೇಣುಗೇಣಿಗೂ ತಟ್ಟುತ್ತ ಹೋಗಬೇಕು. ಟಣ್ ಎಂದಲ್ಲಿ ಗಟ್ಟಿ. ಬೊದ್ ಎಂದಲ್ಲಿ ಸೀಮೆಸುಣ್ಣದ ಗುರುತು. ಗುರುತಿಟ್ಟ ಕಡೆ ಕೊರೆದು ಒಣಗಿಸಿ ಎಪಾಕ್ಸಿ ತುಂಬುವವರೆಗೆ ಮುಂದಿನ ಕೆಲಸ ಇಲ್ಲ. ಕೊಳೆತ ಒಡಲನ್ನು ಕಾರ್ಕಿನಿಂದ ಮುಚ್ಚಿದರೆ ಕೊಳೆ ಕಣ್ಣಿಗೆ ಮರೆಯಾಗುತ್ತದೆ, ನಿಲ್ಲುವುದಿಲ್ಲ. ಹಲಗೆ ಜೋಡಿಸಿದ ಮರದ ಡೆಕ್ಕಿನ ಮೇಲೆ ನೇರವಾಗಿ ಅಂಟಿಸುವುದೂ ತಪ್ಪೇ. ಪ್ರತಿ ಹಲಗೆಯೂ ತನ್ನಷ್ಟಕ್ಕೆ ಉಬ್ಬಿ ಕುಗ್ಗುತ್ತದೆ, ಮೇಲಿನ ಹಾಳೆ ಆ ಗೆರೆಗಳ ಮೇಲೇ ಬಿರಿಯುತ್ತದೆ. ನಡುವೆ ಐಎಸ್ 710 ಪ್ಲೈವುಡ್ ಒಂದು ಪದರ ಬೇಕು. ಅಲ್ಯೂಮಿನಿಯಂ ಆದರೆ ಉಜ್ಜಿದ ಕೂಡಲೇ ಪ್ರೈಮರ್, ಉಕ್ಕಾದರೆ ತುಕ್ಕು ಪೂರ್ತಿ ತೆಗೆದು ಎಪಾಕ್ಸಿ ಪ್ರೈಮರ್.

ಫೈಬರಿನಲ್ಲಿ ಕೆಲಸದ ಅನುಕ್ರಮ ತಪ್ಪಿದರೆ ಅಂಟು ಹಿಡಿಯುವುದಿಲ್ಲ. ಅಚ್ಚಿನಿಂದ ಬಿಡಿಸಲು ಬಳಿದ ಮೇಣ ಮೇಲ್ಮೈಯಲ್ಲಿ ಉಳಿದಿರುತ್ತದೆ. ಮೊದಲು ಅಸಿಟೋನಿನಲ್ಲಿ ಒರೆಸಿ, ಆಮೇಲೆ 80 ನಂಬರಿನ ಉಪ್ಪುಕಾಗದದಿಂದ ತಿಕ್ಕಿ, ಧೂಳು ತೆಗೆದು, ಮತ್ತೆ ಅಸಿಟೋನಿನಲ್ಲಿ ಒರೆಸಬೇಕು. ತಿಕ್ಕಿದ ಮೇಲೆ ಒರೆಸಿದರಾಯಿತು ಎಂದುಕೊಂಡವರು ಮೇಣವನ್ನು ಗೀರುಗಳೊಳಗೆ ಉಜ್ಜಿ ಕೂರಿಸಿರುತ್ತಾರೆ. ಬಟ್ಟೆಯನ್ನು ಆಗಾಗ ಬದಲಿಸುತ್ತ ಹೋಗುವುದೂ ಅಷ್ಟೇ ಮುಖ್ಯ, ಒಂದೇ ಬಟ್ಟೆ ಮೇಣವನ್ನು ಡೆಕ್ಕಿನ ಈ ತುದಿಯಿಂದ ಆ ತುದಿಗೆ ಸಾಗಿಸುತ್ತದೆ ಅಷ್ಟೆ.

ಅಳತೆಗೆ ಟೇಪು ಸಾಲದು, ದೋಣಿಯಲ್ಲಿ ನೇರ ಗೆರೆ ಇರುವುದು ಕಡಿಮೆ. ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಡೆಕ್ಕಿನ ಮೇಲೆ ಬಿಗಿಯಾಗಿ ಹಾಸಿ, ಅಂಚು, ಮುಚ್ಚಳ, ಕಂಬದ ಬುಡ, ನೀರು ಹೋಗುವ ತೂತು ಎಲ್ಲವನ್ನೂ ಮಾರ್ಕರಿನಲ್ಲಿ ಎಳೆದುಕೊಳ್ಳಬೇಕು. ಅದರ ಮೇಲೇ ನಡುಗೆರೆ, ಮುಂಬದಿಯ ಬಾಣ, ಎಡ, ಬಲ, ಮತ್ತು ‘ಮೇಲ್ಮುಖ’ ಎಂಬ ಬರಹ. ಕೊನೆಯ ಬರಹ ಕ್ಷುಲ್ಲಕವೆನಿಸಬಹುದು. ಪಾರದರ್ಶಕ ಹಾಳೆ ಮಗುಚಿ ಬಿದ್ದರೂ ಸರಿಯಾಗಿಯೇ ಕಾಣುತ್ತದೆ. ಯಂತ್ರ ಬಲಗಡೆಯ ಬದಲು ಇನ್ನೊಂದು ಎಡಗಡೆಯನ್ನು ಕತ್ತರಿಸಿಟ್ಟಿರುತ್ತದೆ. ಪಟ್ಟಿಗಳು 40ರಿಂದ 50 ಮಿಲಿಮೀಟರ್ ಅಗಲ ಇದ್ದರೆ ಕಣ್ಣಿಗೆ ಹಿತ. ಅಂಚಿಗೆ ಸ್ವಲ್ಪ ಅಗಲದ ಚೌಕಟ್ಟಿನ ಪಟ್ಟಿ ಕೊಟ್ಟರೆ ಮೊನೆಗಳು ಬೇಗ ಕೀಳುವುದಿಲ್ಲ. ನೀರು ಹರಿಯುವ ದಾರಿಯಲ್ಲಿ ಒಂದಿಷ್ಟು ಡೆಕ್ಕನ್ನು ಬರಿದಾಗಿಯೇ ಬಿಡಬೇಕು. ಗೋಡೆಯಿಂದ ಗೋಡೆಗೆ ಹಾಸಿದ ಡೆಕ್ಕಿನಲ್ಲಿ ಮಳೆನೀರು ಅಂಚಿನಲ್ಲೇ ನಿಲ್ಲುತ್ತದೆ.

ಬಯಲುಸೀಮೆಯಲ್ಲಿ ಕತ್ತರಿಸಿ ಕರಾವಳಿಯಲ್ಲಿ ಅಂಟಿಸುವವರು ಗಮನಿಸಬೇಕಾದ್ದು ಗಾಳಿಯ ತೇವ. ಹೊಸಕೋಟೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಾರ್ಚ್ ತಿಂಗಳ ಮಧ್ಯಾಹ್ನ ಅಲ್ಲಿನ ಗಾಳಿ ಹಪ್ಪಳ ಒಣಗಿಸುವಂಥದು. ಅದೇ ದಿನ ಮಲ್ಪೆಯಲ್ಲಿ ಉಪ್ಪಿನ ಭರಣಿಯ ಬಾಯಿ ಒದ್ದೆಯಾಗಿರುತ್ತದೆ. ಒಣಗಾಳಿಯಲ್ಲಿ ಕರಾರುವಾಕ್ಕಾಗಿ ಕತ್ತರಿಸಿದ ಎರಡು ಮೀಟರ್ ಹಾಳೆ ಕಡಲ ತೇವಕ್ಕೆ ಒಂದೆರಡು ಮಿಲಿಮೀಟರ್ ಹಿಗ್ಗಿದರೂ ಸಾಕು, ಅಂಚು ತನ್ನ ಗೂಡಿನಲ್ಲಿ ಕೂರದೆ ಎದ್ದು ನಿಲ್ಲುತ್ತದೆ. ಆದ್ದರಿಂದ ಹಾಳೆಗಳನ್ನು ಸುರುಳಿ ಬಿಚ್ಚಿ, ದೋಣಿ ಇರುವ ಶೆಡ್ಡಿನಲ್ಲೇ ಎರಡು ದಿನ ಮಲಗಿಸಿದ ಮೇಲೆ ಅಂಟಿಗೆ ಕೈಹಾಕಬೇಕು, ಕತ್ತರಿಸುವಾಗಲೇ ಅಂಚಿಗೆ ಸಂದು ಬಿಟ್ಟಿರಬೇಕು.

ಅಂಟಿಗೂ ಇದೇ ಗಾಳಿ ಬೇಕು. ಒಂದೇ ಡಬ್ಬಿಯ ಪಾಲಿಯುರೆಥೇನ್ ಮತ್ತು ಎಂಎಸ್ ಪಾಲಿಮರ್ ಅಂಟುಗಳು ಗಟ್ಟಿಯಾಗುವುದು ಒಣಗಿ ಅಲ್ಲ, ಗಾಳಿಯ ತೇವವನ್ನು ಹೀರಿ. ಕರಾವಳಿಯಲ್ಲಿ ಅವು ಅಂದುಕೊಂಡದ್ದಕ್ಕಿಂತ ಬೇಗ ಕೆನೆಗಟ್ಟುತ್ತವೆ, ಬಯಲುಸೀಮೆಯ ಬೇಸಗೆಯಲ್ಲಿ ಮರುದಿನವೂ ಜಿಗುಟಾಗಿರುತ್ತವೆ. ದೊಡ್ಡ ಹಾಳೆಯ ನಡುಭಾಗದ ಪಾಡು ಇನ್ನೂ ಕಷ್ಟ. ಕೆಳಗೆ ಫೈಬರ್, ಮೇಲೆ ಕಾರ್ಕ್, ಎರಡೂ ತೇವ ಬಿಡುವುದು ಕಡಿಮೆ. ನಡುವಿನ ಅಂಟು ಅಂಚಿನಿಂದ ಬರುವ ತೇವಕ್ಕಾಗಿ ದಿನಗಟ್ಟಲೆ ಕಾಯುತ್ತದೆ. ದೊಡ್ಡ ಹಾಳೆಗೆ ಎರಡು ಡಬ್ಬಿ ಬೆರೆಸುವ ಅಂಟು ಉತ್ತಮ, ಅದು ಗಾಳಿಯನ್ನು ಕೇಳುವುದಿಲ್ಲ. ಬೆರೆಸಿದ ಮೇಲೆ ಸಮಯ ಮಾತ್ರ ಎಣಿಸಿದಷ್ಟೇ. 35 ಡಿಗ್ರಿಯಲ್ಲಿ ಡಬ್ಬಿಯ ಮೇಲೆ ಬರೆದ ಅವಧಿ ಅರ್ಧಕ್ಕಿಳಿಯಬಹುದು. ಬೆಳಗಿನ ಏಳರೊಳಗೆ ಶುರುಮಾಡುವ ರೂಢಿ ಒಳ್ಳೆಯದು.

ಅಂಟನ್ನು ಹಲ್ಲಿನ ಕರಣೆಯಿಂದ ಎಳೆದು ಹರಡುತ್ತಾರೆ, ಚದರ ಮೀಟರಿಗೆ ಒಂದು ಕಿಲೋ ಆಸುಪಾಸು ಹಿಡಿಸುತ್ತದೆ. ಹಾಳೆಯನ್ನು ನಡುಗೆರೆಗೆ ಸರಿಹೊಂದಿಸಿ ಒಂದು ಕಡೆಯಿಂದ ಇಳಿಸುತ್ತ, ರೋಲರಿನಿಂದ ನಡುವಿನಿಂದ ಅಂಚಿಗೆ ಗಾಳಿ ತಳ್ಳಬೇಕು. ಆಮೇಲೆ ತೂಕ. ಮರಳಿನ ಚೀಲ ಡೆಕ್ಕಿನ ಉಬ್ಬು ತಗ್ಗಿಗೆ ತಾನೇ ಒಗ್ಗಿಕೊಳ್ಳುತ್ತದೆ, ಇಟ್ಟಿಗೆ, ಸಿಮೆಂಟ್ ದಿಮ್ಮಿಗಳು ಮೂಲೆಯ ಮೇಲೆ ನಿಂತು ಗುಳಿ ಬೀಳಿಸುತ್ತವೆ. ಚೀಲದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕದಿದ್ದರೆ ಗೆರೆಯಿಂದ ಮೇಲೆ ಬಂದ ಅಂಟಿಗೆ ಚೀಲವೂ ಅಂಟಿಕೊಳ್ಳುತ್ತದೆ. ಒಂದು ದಿನವಾದರೂ ಯಾರೂ ಕಾಲಿಡಕೂಡದು. ಆಮೇಲೆ ಅಂಚಿಗೂ ಹಾಳೆಗಳ ಕೂಡುಗೆರೆಗೂ ರಬ್ಬರಿನಂಥ ಸೀಲೆಂಟ್ ತುಂಬಿ, ಅದು ಪೂರ್ತಿ ಬಲಿತ ಮೇಲೆ ಇಡೀ ಡೆಕ್ಕನ್ನು 80ರ, ಬಳಿಕ 120ರ ಕಾಗದದಿಂದ ಪಟ್ಟಿಯ ಉದ್ದಕ್ಕೆ ತಿಕ್ಕಿದರೆ ಮುಗಿಯಿತು. ವಾರ್ನಿಶ್, ಎಣ್ಣೆ ಬಳಿಯುವ ಆಸೆ ಬಡಗಿಗಳಿಗೆ ಸಹಜ. ಬಳಿದರೆ ಗೂಡುಗಳ ಬಾಯಿ ಮುಚ್ಚಿ ಡೆಕ್ ಜಾರತೊಡಗುತ್ತದೆ, ಕೊಟ್ಟ ದುಡ್ಡೆಲ್ಲ ಆ ಒಂದು ಡಬ್ಬಿಗೆ ಹೋಯಿತು.

ಕೆಲಸಕ್ಕೆ ಕಾಲ ಹೊಂದಿಸುವುದು ಕರಾವಳಿಯಲ್ಲಿ ದೊಡ್ಡ ತಲೆನೋವು. ಮೀನುಗಾರಿಕೆಗೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಪ್ರವಾಸಿ ದೋಣಿಗಳೂ ಮಳೆಗಾಲದಲ್ಲೇ ದಡ ಹತ್ತುವುದು. ದೋಣಿ ಬಿಡುವಾಗಿರುವ ಕಾಲ ಅಂಟಿಗೆ ಅತ್ಯಂತ ಕೆಟ್ಟ ಕಾಲ. ತೇವದಿಂದ ಗಟ್ಟಿಯಾಗುವ ಅಂಟು ಎಂದರೆ ಒದ್ದೆ ಮೇಲ್ಮೈಗೆ ಹಿಡಿಯುವ ಅಂಟು ಎಂದಲ್ಲ. ನಾಲ್ಕೂ ಕಡೆ ಮರೆಯಿರುವ ಶೆಡ್ಡು ಸಿಗದಿದ್ದರೆ ಮೇ ತಿಂಗಳ ಮೊದಲ ವಾರಗಳ ಸಂಪಾದನೆ ಬಿಟ್ಟುಕೊಟ್ಟು ಆಗಲೇ ಮುಗಿಸುವುದು ಲಾಭ. ಒಳನಾಡಿನ ಜಲಾಶಯಗಳಲ್ಲಿ ಜನವರಿಯಿಂದ ಮಾರ್ಚ್ ಅನುಕೂಲ. ಪ್ರಯಾಣಿಕರ ದೋಣಿಯಾದರೆ, 2021ರ ಒಳನಾಡು ನೌಕೆಗಳ ಕಾಯ್ದೆಯಡಿ ನಡೆಯುವ ತಪಾಸಣೆಗೆ ಮೊದಲೇ ಕೆಲಸ ಮುಗಿದಿದ್ದರೆ ಹೆಚ್ಚಿದ ತೂಕವೂ ಲೆಕ್ಕಕ್ಕೆ ಬರುತ್ತದೆ.

ಆರೈಕೆ ಸ್ವಲ್ಪವೇ. ನೀರು, ಮೆದು ಸೋಪು, ಮೆದು ಬ್ರಶ್ಶು. ಗಾಡಿ ತೊಳೆಯುವ ಒತ್ತಡದ ನೀರು ಕಾಳುಗಳನ್ನು ಎಬ್ಬಿಸುತ್ತದೆ, ಬೇಡ. ಉಪ್ಪುನೀರಿನ ದೋಣಿಗಿಂತ ಸಿಹಿನೀರಿನ ದೋಣಿಗೆ ಪಾಚಿ ಹೆಚ್ಚು, ಅದರಲ್ಲೂ ಮರದ ನೆರಳಲ್ಲಿ ಕಟ್ಟಿದ್ದಕ್ಕೆ. ಉಪ್ಪು ಪಾಚಿಯನ್ನು ತಡೆಯುತ್ತದೆ, ಕಬಿನಿಯಲ್ಲಿ ಆ ಅನುಕೂಲ ಇಲ್ಲ. ಸಾಂಬಾರಿನ ಅರಿಸಿನ, ಡೀಸೆಲ್, ಎಲೆಅಡಿಕೆಯ ಉಗುಳು ಇವುಗಳ ಕಲೆ ಸೋಪಿಗೆ ಬಗ್ಗದಿದ್ದರೆ ಉಪ್ಪುಕಾಗದದಿಂದ ನಾಲ್ಕು ಸಲ ತಿಕ್ಕಿದರೆ ಹೋಗುತ್ತದೆ. ಪ್ರತಿ ತಿಕ್ಕಾಟಕ್ಕೂ ಒಂದಿಷ್ಟು ದಪ್ಪ ಸವೆಯುವುದರಿಂದ ಆರರ ಬದಲು ಎಂಟು ಮಿಲಿಮೀಟರ್ ಕೊಳ್ಳುವುದು ದುಂದಲ್ಲ.

ಒಡೆದ ಜಾಗ ಸರಿಪಡಿಸುವುದು ಸುಲಭ. ಆ ಪಟ್ಟಿಯಷ್ಟನ್ನೇ ಉಳಿಯಿಂದ ಕೆತ್ತಿ, ಅದೇ ಅಳತೆಯ ಹೊಸ ಪಟ್ಟಿ ಕೂರಿಸಿ, ಗೆರೆ ತುಂಬಿ ತಿಕ್ಕಿದರೆ ಎರಡು ತಿಂಗಳ ಬಿಸಿಲಿಗೆ ಬಣ್ಣವೂ ಕೂಡಿಕೊಳ್ಳುತ್ತದೆ. ಇಡೀ ಡೆಕ್ ಕೀಳುವುದು ಮಾತ್ರ ಹಾಕಿದ್ದಕ್ಕಿಂತ ದೊಡ್ಡ ಕೆಲಸ, ಒಳ್ಳೆಯ ಅಂಟು ಕಾರ್ಕ್ ಹರಿದರೂ ಬಿಡುವುದಿಲ್ಲ. ಆದ್ದರಿಂದ ಕೆಲಸ ಮುಗಿದ ದಿನ ಅಳತೆಯ ಪ್ಲಾಸ್ಟಿಕ್ ಹಾಳೆಯನ್ನು ಗುಜರಿಗೆ ಹಾಕಬೇಡಿ. ಸುರುಳಿ ಸುತ್ತಿ ಒಂದು ಪಿವಿಸಿ ಪೈಪಿನೊಳಗೆ ತೂರಿಸಿ, ಉಳಿದ ಕಾರ್ಕ್ ತುಂಡುಗಳ ಜೊತೆ ಶೆಡ್ಡಿನ ತೊಲೆಯ ಮೇಲಿಡಿ.